ಸ್ಕಾಟ್ಲೆಂಡಿನಲ್ಲಿ ಹಿಪ್ಪುನೇರಳೆ ಸೌದೆ

ಕನಕಪುರದ ಬಸ್ ಸ್ಟ್ಯಾಂಡ್ ಹಿಂದೆ ಮಿಲಿಟರಿ ಹೋಟೆಲ್ ನಡೆಸುವ ಹೆಂಗಸು ಸ್ಕಾಟ್ಲೆಂಡಿಗೆ ಹೋಗಿ ಬಂದಳು ಅಂದರೆ ಜನ ಸುಮ್ಮನೆ ಬಿಡುತ್ತಾರೆಯೇ? ಊಟಕ್ಕೆ ಕೂತವರೆಲ್ಲ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳುತ್ತಾರೆ. ಕೋಟೆ ನೋಡಿದಿರಾ, ಹಿಮ ಬಿತ್ತಾ, ಅರಮನೆ ಹೇಗಿದೆ? ನಾನು ಅದೊಂದನ್ನೂ ನೋಡಲಿಲ್ಲ. ಆ ದೇಶದಲ್ಲಿ ನಾನು ನೋಡಿದ್ದು ಸೌದೆ. ಸಿಕ್ಕಸಿಕ್ಕ ಸೌದೆಯನ್ನೆಲ್ಲ ಮೂಸಿದೆ, ತಟ್ಟಿದೆ, ಉಗುರಿನಲ್ಲಿ ಕೆರೆದೆ. ಯಾಕೆ ಅಂತ ಹೇಳದಿದ್ದರೆ ನನ್ನನ್ನು ಹುಚ್ಚಿ ಅನ್ನುತ್ತೀರಿ.

ನನ್ನ ತಂಗಿ ಜಯ ಅಲ್ಲಿ ನರ್ಸು. ಸಮುದ್ರದ ದಡದ ಒಂದು ಸಣ್ಣ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ. ಮದುವೆ ಮಾಡಿಕೊಳ್ಳಲಿಲ್ಲ. ಅವಳಿಗೆ ಕ್ಯಾನ್ಸರ್ ಬಂತು. ಮೂರು ಸುತ್ತು ಔಷಧಿ ಏರಿಸಿದರು. ನಾಲ್ಕನೆಯದಕ್ಕೆ ಹೋದಾಗ ಡಾಕ್ಟರು ತೂಕ ನೋಡಿ, ಈ ಮೈ ತಡೆಯುವುದಿಲ್ಲ, ಊಟ ಮಾಡಿ ತೂಕ ಏರಿಸಿಕೊಂಡು ಬಾ, ಆಮೇಲೆ ಕೊಡುತ್ತೇವೆ ಎಂದು ವಾಪಸು ಕಳಿಸಿದರಂತೆ. ಊಟ ಮಾಡು ಅಂದರೆ ಇವಳಿಗೆ ನೀರೂ ಸೇರದು. ಒಂದು ದಿನ ಫೋನಿನಲ್ಲಿ, "ಅಕ್ಕ, ಅವ್ವ ಮಾಡ್ತಿದ್ ಉಪ್ಕಂಡ ಇದ್ದಿದ್ರೆ ಒಸಿ ತಿಂತಿದ್ನೇನೋ" ಅಂದಳು. ಹೋಟೆಲನ್ನು ಅಡುಗೆಯವರ ಕೈಗೆ ಬಿಟ್ಟು ನಾನು ಪಾಸ್‌ಪೋರ್ಟ್ ಮಾಡಿಸಲು ಓಡಿದೆ.

ಕೈಲಾಂಚ

ಉಪ್ಪುಕಂಡ ಅಂದರೆ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ ಒಣಗಿಸಿದ್ದು. ಬಹಳ ಜನ ಬಿಸಿಲಿಗೆ ಹಾಕುತ್ತಾರೆ. ನಮ್ಮವ್ವ ಒಲೆಯ ಮೇಲೆ ಬಿದಿರಿನ ಗಳಕ್ಕೆ ಕಟ್ಟಿ ಹೊಗೆಯಲ್ಲೇ ಒಣಗಿಸುತ್ತಿದ್ದಳು. ಅದೂ ಹಿಪ್ಪುನೇರಳೆ ಕಡ್ಡಿಯ ಹೊಗೆ, ಬೇರೆ ಸೌದೆ ಮುಟ್ಟುತ್ತಿರಲಿಲ್ಲ. ನಮ್ಮೂರು ಕೈಲಾಂಚ, ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ಇರುವಾಗ ಹೊಗೆ ಆಡುವಂತಿಲ್ಲ. ರೇಷ್ಮೆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಬೇಕು, ಮುಂದಿನ ಹುಳದ ಮರಿ ಇನ್ನೂ ಬಂದಿರಬಾರದು. ನಡುವೆ ಸಿಗುವ ಆ ಒಂದು ವಾರವೇ ನಮಗೆ ಉಪ್ಪುಕಂಡದ ವಾರ. ಜಯ ಗಳದ ಕೆಳಗೇ ಚಾಪೆ ಹಾಸಿಕೊಂಡು ಮಲಗಿ, ಬೆಳಗ್ಗೆ ಎದ್ದರೆ ಕೂದಲೆಲ್ಲ ಹೊಗೆ ವಾಸನೆ.

ವಿಮಾನದಲ್ಲಿ ಮಾಂಸ ಒಯ್ಯುವ ಹಾಗಿಲ್ಲ ಅಂದರು. ಸರಿ, ಮಾಂಸ ಅಲ್ಲೇ ಸಿಗುತ್ತದೆ, ಸೌದೆ ನಾನು ಒಯ್ಯುತ್ತೇನೆ ಅಂದುಕೊಂಡೆ. ನನ್ನ ಹೋಟೆಲಿಗೆ ಮಾಗಡಿ ಕಡೆಯಿಂದ ಹುಣಸೆ ಸೌದೆ ಬರುತ್ತದೆ, ಬೆಂಕಿಗೆ ಅದರಷ್ಟು ಒಳ್ಳೆಯದಿಲ್ಲ. ಆದರೆ ಈ ಕೆಲಸಕ್ಕೆ ಅದು ಬರದು. ತಮ್ಮ ಪುಟ್ಟಸ್ವಾಮಿಯ ಮನೆಗೆ ಹೋದೆ. ಅವನು ಬಾಗಿಲಲ್ಲೇ ಕೈ ಅಡ್ಡ ಹಿಡಿದ.

"ಅಲ್ಲೇ ನಿಂತ್ಕೊ ಅಕ್ಕ, ಒಳಗ್ ಬರ್ಬ್ಯಾಡ. ನಿನ್ ಸೀರೆ ತುಂಬ ಹೋಟ್ಲು ಹೊಗೆ. ಹುಳ ಮೂರ್ನೇ ಜ್ವರಕ್ಕೆ ಕೂತವೆ."

ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನನಗೆ ಪಿತ್ತ ನೆತ್ತಿಗೇರಿತು. "ಲೋ, ಅಲ್ಲಿ ಜಯ ಊಟ ಬುಟ್ಟು ಮಲ್ಗವ್ಳೆ ಕಣ್ಲಾ. ನಿಂಗೆ ಹುಳದ್ ಜ್ವರ ದೊಡ್ದಾಯ್ತಾ?" ಅಂದೆ.

ಅವನು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ನಾನು ಹುಳದ ಹಾಸಿಗೆಯಿಂದ ತೆಗೆದ ಕಡ್ಡಿಯ ರಾಶಿಗೆ ಕೈ ಹಾಕಿದರೆ, "ಅದ್ನ ಮುಟ್ಬ್ಯಾಡ, ರೋಗ ಬರ್ದಂಗೆ ಪೌಡ್ರು ಉದ್ರಿಸಿರ್ತೀವಿ, ಸುಟ್ರೆ ವಿಷ. ಅವ್ವನ ಕಾಲ ಅಲ್ಲ ಇದು" ಅಂದ. ತೋಟದಲ್ಲೇ ಕೊಯ್ದು ಬಿಟ್ಟಿದ್ದ ಕಡ್ಡಿಯನ್ನು ಆರಿಸತೊಡಗಿದ. ಒಂದೊಂದನ್ನೂ ಮುರಿದು ನೋಡುತ್ತಿದ್ದ. ಪಟ್ ಅಂದರೆ ಇತ್ತ, ನಾರು ಹಿಡಿದುಕೊಂಡರೆ ಅತ್ತ. "ಹಿಪ್ನೇರಳೆಗೆ ಮೂರ್ ಬಿಸ್ಲು ಸಾಕು ಕಣಕ್ಕ, ಅದ್ಕಿಂತ ಜಾಸ್ತಿ ಒಣಗಿದ್ರೆ ಹೊಗೇಲಿ ಘಮ ಇರಾಕಿಲ್ಲ." ಕಟ್ಟು ಕಟ್ಟಿ ಕೈಗೆ ಕೊಡುವಾಗ ಅವನ ಕಣ್ಣು ಕೆಂಪಾಗಿತ್ತು. "ನಮ್ ತೋಟದ್ದೇ ಅಂತ ಹೇಳು" ಅಂದ.

ಚನ್ನಪಟ್ಟಣ

ಸೌದೆ ಕಟ್ಟು ಹಿಡಿದು ವಿಮಾನ ಹತ್ತಿದರೆ ಬಿಡುತ್ತಾರೆಯೇ ಎಂಬ ಅನುಮಾನ ಇತ್ತು. ನನ್ನ ಹೋಟೆಲಿಗೆ ಮುದ್ದೆ ಕೋಲು ಮಾಡಿಕೊಡುವವರು ಚನ್ನಪಟ್ಟಣದ ಬೊಂಬೆ ಕೆಲಸದ ಗೌಸ್ ಸಾಬರು. ಈ ಕಡ್ಡಿಯನ್ನೇ ಕಡೆದು ಬೊಂಬೆಯ ಹಾಗೆ ಮಾಡಿಕೊಡಿ, ಬೊಂಬೆ ಅಂತ ಒಯ್ಯುತ್ತೇನೆ ಅಂದೆ. ಅವರು ಒಂದು ಕಡ್ಡಿಯನ್ನು ತಮ್ಮ ಕಿರುಬೆರಳಿನ ಪಕ್ಕ ಹಿಡಿದು ನಕ್ಕರು.

"ಅರೆ ಅಮ್ಮಾ, ಇದ್ರಲ್ಲಿ ಏನ್ ಕಡೀಲಿ? ನನ್ ಬೆರಳಿನಷ್ಟೂ ಇಲ್ಲ. ನಮ್ಗೆ ಬೊಂಬೆಗೆ ಆಲೆ ಮರಾನೇ ಆಗ್ಬೇಕು, ಬೆಳ್ಳಗಿರ್ತದೆ, ವಾಸ್ನೆ ಇರಲ್ಲ. ನಿಮ್ಗೆ ವಾಸ್ನೆ ಇರೋದೇ ಬೇಕಲ್ಲ."

ಜಯಳ ವಿಷಯ ಹೇಳಿದೆ. ನಗು ನಿಂತಿತು. ಒಳಗೆ ಹೋಗಿ ಒಂದು ದೊಡ್ಡ ಡಬ್ಬಿ ತಂದರು. ಕಡ್ಡಿಯನ್ನೆಲ್ಲ ಗೇಣುದ್ದ ಕತ್ತರಿಸಿ ತಳದಲ್ಲಿ ಹಾಸಿ, ಮೇಲೆ ಕೆಂಪು ಹಳದಿ ಬೊಂಬೆಗಳನ್ನು ಜೋಡಿಸಿದರು. "ತಂಗೀಗೆ ಅಲ್ಲಾ ಆರೋಗ್ಯ ಕೊಡ್ಲಿ, ಹೋಗ್ಬನ್ನಿ" ಅಂದರು. ಇಷ್ಟು ಜಾಣತನ ನನಗೆ ಬೇರೆ ಯಾವ ವಿಷಯದಲ್ಲೂ ಇರಲಿಲ್ಲ ಅಂತ ದಾರಿಯುದ್ದಕ್ಕೂ ಹೆಮ್ಮೆ ಪಟ್ಟೆ.

ಇಳಿದ ಕೂಡಲೇ

ಹೆಮ್ಮೆ ಇದ್ದದ್ದು ವಿಮಾನ ನಿಲ್ದಾಣದ ಮೇಜಿನವರೆಗೆ. ಅಲ್ಲಿಯ ಅಧಿಕಾರಿ ಡಬ್ಬಿ ಬಿಚ್ಚಿದ. ಬೊಂಬೆಗಳನ್ನು ಒಂದೊಂದಾಗಿ ಮೆಚ್ಚಿ ಪಕ್ಕಕ್ಕಿಟ್ಟ. ತಳದ ಕಡ್ಡಿ ಕಂಡಿತು. ಇದೇನು ಅಂದ. ನನಗೆ ಬರುವ ಹತ್ತಾರು ಇಂಗ್ಲಿಷ್ ಮಾತಿನಲ್ಲಿ ಹುಡುಕಿ, "ಮೆಡಿಸಿನ್" ಅಂದುಬಿಟ್ಟೆ. ಮುಗಿಯಿತು. ಇನ್ನಿಬ್ಬರು ಬಂದರು. ತೊಗಟೆ ಇರುವ ಸೌದೆ, ಹುಳುಹುಪ್ಪಟೆ ಬರಬಹುದು, ಸರ್ಟಿಫಿಕೇಟ್ ಬೇಕು ಅಂದರು. ಆ ಕಡ್ಡಿಯನ್ನು ಚೀಲಕ್ಕೆ ಸುರಿಯುವಾಗ ಆರು ಸಲ ಸಾರಿ ಕೇಳಿದರು. ನಮ್ಮಲ್ಲಾಗಿದ್ದರೆ ಬೈದು ಕಿತ್ತುಕೊಳ್ಳುತ್ತಿದ್ದರು, ನಾನೂ ತಿರುಗಿ ಬೈದು ಸಂಕಟ ಇಳಿಸಿಕೊಳ್ಳುತ್ತಿದ್ದೆ. ಕ್ಷಮೆ ಕೇಳಿಕೊಂಡು ಕಿತ್ತುಕೊಳ್ಳುವವರ ಮುಂದೆ ಏನು ಮಾಡುವುದು?

ಬೊಂಬೆ ಡಬ್ಬಿ ಹಿಡಿದು ಹೊರಗೆ ಬಂದೆ. ಉಣ್ಣೆ ಟೋಪಿ ಹಾಕಿಕೊಂಡ ಒಬ್ಬಳು ಮುದುಕಿ ಕೈ ಎತ್ತಿದಳು. ನಾನು ಅವಳನ್ನು ದಾಟಿ ಜಯ ಎಲ್ಲಿ ಅಂತ ಹುಡುಕುತ್ತ ಮುಂದೆ ಹೋದೆ. "ಅಕ್ಕ, ನಾನ್ ಕಣೇ" ಎಂಬ ದನಿ ಹಿಂದಿನಿಂದ ಬಂತು. ಒಡಹುಟ್ಟಿದವಳನ್ನು ಗುರುತು ಹಿಡಿಯದೆ ಹೋದೆನಲ್ಲ, ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಜಯಳ ಮನೆ

ಎರಡನೆಯ ಮಹಡಿಯಲ್ಲಿ ಎರಡು ಕೋಣೆ. ಮರುದಿನ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದದ್ದೇ ತಡ, ಮನೆಯ ಮೇಲ್ಚಾವಣಿಯೇ ಕೂಗಿಕೊಳ್ಳತೊಡಗಿತು, ಹೊಗೆ ಕಂಡರೆ ಬಡಿದುಕೊಳ್ಳುವ ಗಂಟೆಯಂತೆ ಅದು. ಕಟ್ಟಡದವರೆಲ್ಲ ಕೆಳಗಿಳಿದು ಮಳೆಯಲ್ಲಿ ಸಾಲಾಗಿ ನಿಂತರು. ಒಬ್ಬರೂ ಗದರಲಿಲ್ಲ. ಮನೆಯಂಗಿಯಲ್ಲೇ ಬಂದಿದ್ದ ಒಬ್ಬ ಅಜ್ಜ, ವಾಸನೆ ಬಹಳ ಚೆನ್ನಾಗಿದೆ ಅಂತ ಹೇಳಿದನಂತೆ. ಒಗ್ಗರಣೆಗೇ ಹೀಗಾದರೆ ಇಲ್ಲಿ ಹೊಗೆ ಹಾಕುವುದೆಲ್ಲಿ ಬಂತು ಅಂತ ನನಗೆ ದಿಕ್ಕೇ ತೋಚಲಿಲ್ಲ.

ಆ ಜನ ಎದುರಾದರೆ ಊಟ ಆಯ್ತಾ ಅಂತ ಕೇಳುವುದಿಲ್ಲ. ಇವತ್ತು ಮಳೆ, ನಿನ್ನೆಯೂ ಮಳೆ, ನಾಳೆ ನೋಡೋಣ, ಅಷ್ಟೇ. ಮೊದಮೊದಲು ಎಂಥ ಬಿಗುಮಾನದವರಪ್ಪ ಅನ್ನಿಸಿತು. ಆಮೇಲೆ ಅದೇ ವಾಸಿ ಅನ್ನಿಸಿತು. ಜಯಳಿಗೆ ದಿನಕ್ಕೆ ನಾಲ್ಕು ಜನ ಊಟ ಆಯ್ತಾ ಅಂತ ಕೇಳಿದ್ದರೆ ಏನು ಹೇಳುತ್ತಿದ್ದಳು? ರಾಗಿ ಅಂಬಲಿ ಎರಡು ಗುಟುಕು, ಕಿತ್ತಳೆ ಎರಡು ತೊಳೆ, ಅಷ್ಟೇ ಅವಳ ಊಟ. ಮತ್ತೆ ತೂಕ ನೋಡಲು ಡಾಕ್ಟರು ಹೇಳಿದ್ದ ಸೋಮವಾರಕ್ಕೆ ಮೂರು ವಾರ ಉಳಿದಿತ್ತು.

ಹೊಗೆಮನೆ

ಬಂದರಿನ ಹತ್ತಿರ ಇಯಾನ್ ಎಂಬ ಎಪ್ಪತ್ತು ವರ್ಷದ ಮನುಷ್ಯನದ್ದು ಮೀನು ಹೊಗೆ ಹಾಕುವ ಕೆಲಸ. ಅವನ ತಾಯಿಯನ್ನು ಕೊನೆಯ ದಿನಗಳಲ್ಲಿ ನೋಡಿಕೊಂಡವಳು ಜಯ. ವಿಷಯ ಕೇಳಿ ಅವನು ಮೂಲೆಯಲ್ಲಿದ್ದ ಬೀರುವಿನಷ್ಟು ಎತ್ತರದ ಒಂದು ಹಳೆಯ ತಗಡಿನ ಗೂಡನ್ನು ನನಗೆ ಬಿಟ್ಟುಕೊಟ್ಟ.

ಅವನ ಸೌದೆ ಮನೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಬೀಚ್ ಅಂತ ಒಂದು ಮರ, ಓಕ್ ಅಂತ ಇನ್ನೊಂದು. ಒಪ್ಪವಾಗಿ ಸೀಳಿ, ಗಾಳಿ ಆಡುವಂತೆ ಒಟ್ಟಿ, ಯಾವ ವರ್ಷದ್ದು ಅಂತ ಬಳಪದಲ್ಲಿ ಬರೆದಿದ್ದ. ಒಣಗಿದೆಯಾ ಅಂತ ತಿಳಿಯಲು ನಾವು ಎರಡು ಸೌದೆ ಒಂದಕ್ಕೊಂದು ತಟ್ಟಿ ಸದ್ದು ಕೇಳುತ್ತೇವೆ. ಅವನು ಸೀಳಿದ ಮುಖವನ್ನು ಕೆನ್ನೆಗೆ ಒತ್ತಿ ಹಿಡಿಯುತ್ತಾನೆ. ತಣ್ಣಗಿದ್ದರೆ ಒಳಗೆ ನೀರಿದೆ ಅಂತ ಲೆಕ್ಕ.

ಅವನ ಬೀಚ್ ಸೌದೆಯಲ್ಲೇ ಒಂದು ಸಲ ಮಾಡಿದೆ. ಅಲ್ಲಿಯ ಕುರಿ ಮಾಂಸದಲ್ಲಿ ಅರ್ಧ ಕೊಬ್ಬು, ಅದನ್ನೆಲ್ಲ ಬಿಡಿಸಿ ತೆಗೆದು, ಸೀಳಿ, ಉಪ್ಪು ಹಚ್ಚಿ, ನಾಲ್ಕು ದಿನ ಹೊಗೆ. ನೋಡಲು ಚೆನ್ನಾಗಿಯೇ ಬಂತು. ಹುರಿದು ಕೊಟ್ಟೆ. ಜಯ ಒಂದು ಚೂರು ಅಗಿದು, "ಚೆನ್ನಾಗೈತೆ ಕಣಕ್ಕ, ಇದೇ ಸಾಕು" ಅಂದಳು. ಎರಡನೆಯ ಚೂರಿಗೆ ಎದ್ದು ಬಚ್ಚಲಿಗೆ ಓಡಿದಳು.

ಅವಳ ಬೆನ್ನು ನೀವುತ್ತ ನಾನು ಬೈದೆ. "ಇದ್ಯಾವ ಸೀಮೆ ಉಪ್ಕಂಡನೇ? ಸೌದೆ ಸರಿ ಇಲ್ಲ, ಅದ್ಕೇ ನಿಂಗ್ ಸೇರ್ಲಿಲ್ಲ. ಅವ್ವಂದೇ ಮಾಡಿಕೊಡ್ತೀನಿ ನೋಡ್ತಿರು."

"ಬ್ಯಾಡ ಬುಡಕ್ಕ, ಯಾಕ್ ಒದ್ದಾಡ್ತೀಯ."

ಬಿಡುವ ಜಾತಿಯವಳಾ ನಾನು?

ಗೋಡೆಯೊಳಗಿನ ಮರ

ಪುಟ್ಟಸ್ವಾಮಿ ಫೋನಿಗೆ ಕಳಿಸಿದ ಹಿಪ್ಪುನೇರಳೆ ಎಲೆಯ ಚಿತ್ರವನ್ನು ಇಯಾನ್‌ಗೆ ತೋರಿಸಿದೆ. ಅವನು ಅಲ್ಲಿ ಇಲ್ಲಿ ವಿಚಾರಿಸಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನದಲ್ಲಿ ಜಯ ಮೆಟ್ಟಿಲು ಇಳಿಯುವುದನ್ನು ನಿಲ್ಲಿಸಿದಳು. ಕೊನೆಗೆ ಒಂದು ಮಂಗಳವಾರ ಅವನು ತನ್ನ ಮೀನಿನ ವ್ಯಾನಿನಲ್ಲಿ ನನ್ನನ್ನು ಹಳೆಯ ದೊಡ್ಡ ಮನೆಯೊಂದಕ್ಕೆ ಕರೆದೊಯ್ದ. ಸುತ್ತ ಎತ್ತರದ ಕಲ್ಲಿನ ಗೋಡೆ, ಒಳಗೆ ತೋಟ, ಅದನ್ನು ನೋಡಿಕೊಳ್ಳುವ ಒಬ್ಬ ವಯಸ್ಸಾದ ಹೆಂಗಸು.

ಅವಳು ತೋರಿಸಿದ್ದನ್ನು ನಾನು ನಂಬಲೇ ಇಲ್ಲ. ಅದು ಮರ! ನನ್ನ ಎರಡು ತೋಳಿಗೆ ಸಿಗದ ಬುಡ, ಬಾಗಿದ ಕೊಂಬೆಗೆ ಆನಿಸಿದ ಊರುಗೋಲು. ನಮ್ಮಲ್ಲಿ ಹಿಪ್ಪುನೇರಳೆ ಅಂದರೆ ಸೊಂಟದೆತ್ತರದ ಗಿಡ. ಎರಡು ತಿಂಗಳಿಗೊಮ್ಮೆ ಬುಡದವರೆಗೆ ಕೊಯ್ಯುತ್ತೇವೆ, ಬೆಳೆಯಲು ಬಿಟ್ಟರೆ ತಾನೇ ಮರವಾಗುವುದು? ಚಿಗುರೊಂದನ್ನು ಉಗುರಿನಲ್ಲಿ ಕೆರೆದೆ. ಹಾಲು ಜಿನುಗಿತು. ಮೂಗಿಗೆ ಹಿಡಿದೆ. ಕೈಲಾಂಚದ ಹಿತ್ತಲೇ. ಆ ಬುಡವನ್ನು ತಬ್ಬಿಕೊಂಡು ನಾಚಿಕೆಯಿಲ್ಲದೆ ಅತ್ತೆ. ತೋಟದ ಹೆಂಗಸು ಮುಖ ತಿರುಗಿಸಿ ಮೋಡ ನೋಡುತ್ತ ನಿಂತಳು, ನನ್ನ ಅಳು ಮುಗಿದ ಮೇಲೆ ಟೀ ಕುಡಿಯುತ್ತೀಯಾ ಅಂತ ಕೇಳಿದಳು.

ಹಿಂದಿನ ವಾರ ಗಾಳಿಗೆ ಮುರಿದು ಬಿದ್ದಿದ್ದ ಕೊಂಬೆಯೊಂದಿತ್ತು. ತುದಿಯ ಸಣ್ಣ ಕಡ್ಡಿಯನ್ನೆಲ್ಲ ಕೊಚ್ಚಿ ಗೊಬ್ಬರದ ಗುಂಡಿಗೆ ಹಾಕಿದ್ದಳು. ಉಳಿದದ್ದು ತೋಳು ಗಾತ್ರದ ತುಂಡುಗಳು. ಅವನ್ನೆಲ್ಲ ಕೊಟ್ಟಳು. ವ್ಯಾನಿನಲ್ಲಿ ನಾನು ಸೌದೆಯ ಪಕ್ಕದಲ್ಲೇ ಕೂತು ಬಂದೆ.

ಮೂರು ದಿನ

ಸೌದೆ ಸೀಳಿದ ಮೇಲೆ ಇಯಾನ್ ಒಂದನ್ನು ಕೆನ್ನೆಗೆ ಹಿಡಿದು ತಲೆ ಅಲ್ಲಾಡಿಸಿದ. ಎರಡು ಬೆರಳು ತೋರಿಸಿದ. ಎರಡು ಬೇಸಿಗೆ ಒಣಗಬೇಕು ಅಂತ ಅವನ ಮಾತು. ನನಗೆ ನಗು ಬಂತು. ಇಡೀ ಜಿಲ್ಲೆಗೆ ಒಂದು ಮರ ಇಟ್ಟುಕೊಂಡವನು ಹಿಪ್ಪುನೇರಳೆ ವಿಷಯ ನನಗೆ ಹೇಳಿಕೊಡಲು ಬರುತ್ತಾನೆ! ಆದರೂ ಪುಟ್ಟಸ್ವಾಮಿಗೆ ಫೋನು ಮಾಡಿದೆ.

"ಹಿಪ್ನೇರಳೆ ಸಿಕ್ತು ಕಣ್ಲಾ. ಮೂರ್ ದಿನ ಒಣಗಿಸಿದ್ರೆ ಸಾಕಲ್ವೇನ್ಲಾ?"

"ಧಾರಾಳ ಸಾಕು ಕಣಕ್ಕ. ನಮ್ಮಪ್ಪನ ಕಾಲದಿಂದ್ಲೂ ಮೂರ್ ಬಿಸ್ಲೇ ಅಲ್ವ?"

ಎಷ್ಟು ದಪ್ಪ ಐತೆ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಟ್ಟಿದಾಗಿನಿಂದ ಹಿಪ್ಪುನೇರಳೆ ಅಂದರೆ ಬೆರಳು ಗಾತ್ರದ ಕಡ್ಡಿ ಅಂತಲೇ ನೋಡಿದ ನಮ್ಮಿಬ್ಬರ ತಲೆಗೂ ಅದು ಹೊಳೆಯಲೇ ಇಲ್ಲ.

ಬಿಸಿಲೆಲ್ಲಿದೆ ಅಲ್ಲಿ? ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳ ಮೇಲೆ ಸೌದೆ ಸಾಲಾಗಿ ಹಾಸಿದೆ. ಜಯ ಸೋಫಾದಲ್ಲಿ, ಸುತ್ತ ಸೌದೆ. ಮೂರನೆಯ ದಿನ ಎರಡು ತುಂಡು ತಟ್ಟಿದೆ, ಮೇಲ್ಮೈ ಗಟ್ಟಿಯಾಗಿ ಸದ್ದು ಕೊಟ್ಟಿತು. ಒಪ್ಪಿಕೊಂಡುಬಿಟ್ಟೆ. ಒಪ್ಪದೆ ಇನ್ನೇನು ಮಾಡಲಿ, ಶುಕ್ರವಾರ ಬಂದೇಬಿಟ್ಟಿತ್ತು.

ಮತ್ತೆ ಮಾಂಸ ಸೀಳಿ, ಉಪ್ಪು ಹಚ್ಚಿ ಗೂಡಿನಲ್ಲಿ ಕಟ್ಟಿದೆ. ಬೆಂಕಿ ಹಿಡಿಯುತ್ತಲೇ ಸೌದೆಯ ತುದಿಯಲ್ಲಿ ನೊರೆ ಉಕ್ಕಿತು, ಚುಯ್ ಅಂತ ಸದ್ದು. ಹೊಗೆ ದಟ್ಟ ಹಳದಿ. ನನ್ನ ಹೋಟೆಲಿನಲ್ಲಿ ಯಾರಾದರೂ ಇಂಥ ಹಸಿ ಸೌದೆ ಒಲೆಗಿಟ್ಟಿದ್ದರೆ ಬೈದು ಓಡಿಸುತ್ತಿದ್ದೆ. ಇಯಾನ್ ಬಂದು ಗೂಡಿನ ಗಾಳಿಕಿಂಡಿ ತೆರೆದು ಹೋದ. ಅವನು ಅತ್ತ ಹೋದ ಮೇಲೆ ನಾನು ಮುಚ್ಚಿದೆ. ಅಷ್ಟು ಕಷ್ಟಪಟ್ಟು ತಂದ ಹೊಗೆ, ಒಂದು ಎಳೆಯೂ ಆಚೆ ಹೋಗಬಾರದು ಅನ್ನಿಸಿತು.

ಭಾನುವಾರ ಮಧ್ಯಾಹ್ನ

ಮರುದಿನ ಬೆಳಿಗ್ಗೆಯೇ ಡಾಕ್ಟರ ಹತ್ತಿರ ತೂಕ ಹಾಕಿಸಬೇಕು. ಒಯ್ದಿದ್ದ ರಾಗಿ ಹಿಟ್ಟಿನಲ್ಲಿ ನಿಂಬೆಹಣ್ಣಿನಷ್ಟು ಮುದ್ದೆ ಮಾಡಿದೆ. ಕಿಟಕಿಯೆಲ್ಲ ತೆರೆದಿಟ್ಟು ಉಪ್ಪುಕಂಡವನ್ನು ಎಣ್ಣೆಯಲ್ಲಿ ಹುರಿದೆ. ನೆಗಡಿ ಹಿಡಿದು ನನ್ನ ಮೂಗು ಕಟ್ಟಿತ್ತು, ವಾಸನೆ ತಿಳಿಯಲಿಲ್ಲ. ರುಚಿಯನ್ನೂ ನೋಡಲಿಲ್ಲ, ಅವಳೇ ಮೊದಲು ತಿನ್ನಲಿ ಎಂಬ ಆಸೆ. ತಟ್ಟೆ ಅವಳ ತೊಡೆಯ ಮೇಲಿಟ್ಟೆ.

ಜಯ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದಳು. ನುಂಗಿದಳು. ಬಚ್ಚಲಿಗೆ ಓಡಲಿಲ್ಲ. ನನ್ನ ಕಡೆ ನೋಡಿ ನಕ್ಕಳು. ನಾನು ಬಂದಾಗಿನಿಂದ ಅವಳು ಹಾಗೆ ನಕ್ಕದ್ದು ಅದೇ ಮೊದಲು.

"ಅವ್ವಂದೇ ಕಣಕ್ಕ. ಅದೇ ಘಮ. ಗಳದ ಕೆಳಗೆ ಮಲಗ್ದಂಗೈತೆ."

ನನಗೆ ಕುಣಿಯುವಂತಾಯಿತು. ಗೆದ್ದೆ ಅಂದುಕೊಂಡೆ. ನಾಳೆ ತೂಕ ಎಷ್ಟಾದರೂ ಇರಲಿ, ಇನ್ನು ಇವಳು ಉಣ್ಣುತ್ತಾಳೆ, ವಾರದಲ್ಲಿ ಏರುತ್ತಾಳೆ, ಔಷಧಿ ಕೊಡುತ್ತಾರೆ ಅಂತ ಆ ಒಂದು ನಿಮಿಷದಲ್ಲಿ ಎಲ್ಲ ಲೆಕ್ಕ ಹಾಕಿಬಿಟ್ಟೆ. ಬಾಣಲೆಯಲ್ಲಿ ಉಳಿದಿದ್ದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡೆ.

ವಿಷ. ಬೇವಿಗಿಂತ ಕಹಿ. ರಸ್ತೆಗೆ ಹಾಕುವ ಟಾರು ಕಚ್ಚಿದಂತೆ ನಾಲಿಗೆ ಜೋಮು ಹಿಡಿಯಿತು. ಅದರ ಮೇಲೆ ಉಪ್ಪು, ಅವಸರದಲ್ಲಿ ಎರಡು ಸಲ ಹಚ್ಚಿದ್ದೆನೋ ಏನೋ, ಗಂಟಲು ಉರಿಯಿತು. ಅವಳಿಗೆ ಬೆನ್ನು ಮಾಡಿ ಸಿಂಕಿಗೆ ಉಗಿದೆ.

ನಲ್ಲಿ ಬಿಟ್ಟು ಉಗಿದದ್ದನ್ನು ತೊಳೆದೆ. ಆಮೇಲೆ ತಿರುಗದೆಯೇ ಕೇಳಿದೆ. "ಉಪ್ಪು ಹೆಂಗೈತೇ ಜಯ?"

"ಉಪ್ಪು ಒಸಿ ಕಮ್ಮಿ ಆಯ್ತು. ಅವ್ವನೂ ಹಂಗೇ ಅಲ್ವ ಹಾಕ್ತಿದ್ದಿದ್ದು?"

ನಮ್ಮವ್ವ ಉಪ್ಪು ಕಮ್ಮಿ ಹಾಕಿದ್ದೇ ಇಲ್ಲ. ತಿರುಗಿ ನೋಡಿದೆ. ಅವಳು ಎರಡನೆಯ ಚೂರು ಅಗಿಯುತ್ತಿದ್ದಳು, ಅದೇ ನಗು. ಆಗ ನನಗೆ ಎಲ್ಲ ತಿಳಿಯಿತು. ಅವಳ ನಾಲಿಗೆಗೆ ಏನೂ ಗೊತ್ತಾಗುತ್ತಿಲ್ಲ, ಮೂಗಿಗೂ ಇಲ್ಲ. ಆ ಔಷಧಿ ಎಂದೋ ಎರಡನ್ನೂ ತೆಗೆದುಕೊಂಡು ಹೋಗಿದೆ. ಬೀಚ್ ಆದರೂ ಅಷ್ಟೇ, ಓಕ್ ಆದರೂ ಅಷ್ಟೇ, ಪುಟ್ಟಸ್ವಾಮಿ ಅಳುತ್ತ ಆರಿಸಿಕೊಟ್ಟ ಕಡ್ಡಿ ಬಂದಿದ್ದರೂ ಅಷ್ಟೇ. ನನಗೆ ಬೇಜಾರಾಗಬಾರದು ಅಂತ ಅಗಿಯುತ್ತಿದ್ದಾಳೆ. ನಾಳೆ ತೂಕದ ಯಂತ್ರ ಏನು ಹೇಳುತ್ತದೆ, ನಾಡಿದ್ದು ಏನಾಗುತ್ತದೆ, ಅದೆಲ್ಲ ಅವಳಿಗೆ ನನಗಿಂತ ಮೊದಲೇ ಗೊತ್ತು. ನರ್ಸು ಅಲ್ಲವೇ.

ತಟ್ಟೆ ಕಿತ್ತುಕೊಳ್ಳೋಣ ಅನ್ನಿಸಿತು. ಆ ಕಹಿ ಅವಳ ಹೊಟ್ಟೆಗೆ ಹೋಗುವುದನ್ನು ನೋಡಲಾಗಲಿಲ್ಲ. ಕಿತ್ತುಕೊಂಡರೆ ನನಗೆ ತಿಳಿಯಿತು ಅಂತ ಅವಳಿಗೂ ತಿಳಿದುಹೋಗುತ್ತದೆ.

"ಏನಕ್ಕ, ಹಂಗ್ ನೋಡ್ತಾ ನಿಂತ್ಬುಟ್ಟೆ? ನೀನೂ ತಿನ್ನು ಬಾ" ಅಂದಳು.

ಹೋಗಿ ಪಕ್ಕದಲ್ಲಿ ಕೂತೆ. ಅವಳ ತಟ್ಟೆಯಿಂದ ದೊಡ್ಡ ದೊಡ್ಡ ಚೂರನ್ನೇ ಆರಿಸಿ, ಅವಳಿಗೆ ಉಳಿಯದ ಹಾಗೆ, ಒಂದಾದ ಮೇಲೊಂದು ನಾನೇ ತಿಂದೆ. "ಹೂಂ ಕಣೇ," ಅಂದೆ, "ಅವ್ವಂದೇ."